ಗಾಂಧಾರವಿಲ್ಲದ ಗಿಟಾರ್

ಬ್ರಿಟನ್ನಿನ ಗಿಟಾರ್ ವಾದಕ ಡೇವಿ ಗ್ರಹಾಂ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 2008ರ ಡಿಸೆಂಬರ್ 15ರಂದು. ಆಗ ಅವರಿಗೆ 68 ವರ್ಷ. ಅವರನ್ನು ನೆನೆಯುವ ಬರಹಗಳು ಅಂದಿನಿಂದಲೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತ ಬಂದಿವೆ. ಗಿಟಾರ್ ವಾದಕ ಬರ್ಟ್ ಜಾನ್ಶ್ ಗ್ರಹಾಂ ಅವರ ಕೃತಿಯನ್ನು ಕಲಿತರು, ಪಾಲ್ ಸೈಮನ್ ಅದನ್ನು ತಮ್ಮ ರೆಕಾರ್ಡಿನಲ್ಲಿ ನುಡಿಸಿದರು, ಲೆಡ್ ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಇವರ ಶ್ರುತಿಯನ್ನು ಎತ್ತಿಕೊಂಡರು ಎನ್ನುವ ಪಟ್ಟಿ ಅದು. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿ ಮುಗಿಸಿದವರಿಗೆ ಗ್ರಹಾಂ ಯಾರನ್ನು ಪ್ರಭಾವಿಸಿದರು ಎಂಬುದು ತಿಳಿಯುತ್ತದೆಯೇ ಹೊರತು ಅವರು ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ. ಒಬ್ಬ ಕಲಾವಿದನನ್ನು ಅವನಿಗಿಂತ ಹೆಸರು ಮಾಡಿದವರ ಬಾಗಿಲಿನಿಂದಲೇ ಒಳಗೆ ಕರೆತರುವುದು ಗೌರವದಂತೆ ಕಾಣುತ್ತದೆ. ನಿಜದಲ್ಲಿ ಅದು ಅವನ ಕೆಲಸವನ್ನು ಕೇಳದೇ ಬಿಡಲು ಸಿಗುವ ಸುಲಭದ ದಾರಿ. ಗ್ರಹಾಂ ಮಾಡಿದ ಕೆಲಸಕ್ಕೆ ಸ್ಪಷ್ಟವಾದ ಸಂಗೀತದ ಅರ್ಥವಿದೆ. ಹಾಡಿನ ರಾಗಚ್ಛಾಯೆಯನ್ನು ಕೆಡಿಸದೆ ಗಿಟಾರ್ ಅದರ ಜೊತೆ ನಡೆಯಬಲ್ಲದು ಎಂದು ಬ್ರಿಟನ್ನಿನ ಜನಪದ ಸಂಗೀತಕ್ಕೆ ಅವರು ತೋರಿಸಿಕೊಟ್ಟರು. ಸ, ಪ, ಮ ಎಂದು ಸ್ವರ ಗುರುತಿಸಬಲ್ಲ ನಮ್ಮ ಕೇಳುಗರಿಗೆ ಇದು ಯುರೋಪಿನ ಬಹುಪಾಲು ಕೇಳುಗರಿಗಿಂತ ಬೇಗ ಅರ್ಥವಾದೀತು.

ಗ್ರಹಾಂ ಹುಟ್ಟಿದ್ದು 1940ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ಶೈರ್ ಪ್ರಾಂತ್ಯದ ಹಿಂಕ್ಲಿಯಲ್ಲಿ. ತಂದೆ ಸ್ಕಾಟ್ಲೆಂಡಿನವರು, ತಾಯಿ ದಕ್ಷಿಣ ಅಮೆರಿಕದ ಗಯಾನಾದವರು. ಬೆಳೆದದ್ದು ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಸುತ್ತಮುತ್ತ. ಹದಿಹರೆಯದಲ್ಲೇ ಗಿಟಾರ್ ಹಿಡಿದರು. 1959ರಲ್ಲಿ ಕೆನ್ ರಸೆಲ್ ಬಿಬಿಸಿಗಾಗಿ ಗಿಟಾರ್ ಹುಚ್ಚಿನ ಬಗ್ಗೆ ತೆಗೆದ ಕಿರುಚಿತ್ರದಲ್ಲಿ ಹದಿನೆಂಟರ ಈ ಹುಡುಗ ಒಂದು ಜಾಝ್ ಹಾಡನ್ನು ಗಿಟಾರ್ ಒಂದರಲ್ಲೇ ನುಡಿಸುವುದನ್ನು ನೋಡಬಹುದು. ಹೆಬ್ಬೆರಳು ಮಂದ್ರವನ್ನು ನೋಡಿಕೊಳ್ಳುತ್ತಿದ್ದರೆ ಉಳಿದ ಬೆರಳುಗಳು ಹಾಡುತ್ತವೆ. ಪ್ಯಾರಿಸಿನ ಬೀದಿಗಳಲ್ಲಿ ನುಡಿಸಿ ಹೊಟ್ಟೆ ಹೊರೆದದ್ದು, ಮೊರಾಕೊದ ಟ್ಯಾಂಜಿಯರ್‌ವರೆಗೆ ಅಲೆದದ್ದು, ಅಲೆಕ್ಸಿಸ್ ಕಾರ್ನರ್ ಜೊತೆ ಬ್ಲೂಸ್ ನುಡಿಸಿದ್ದು ಎಲ್ಲವೂ ಮುಂದಿನ ನಾಲ್ಕೈದು ವರ್ಷಗಳಲ್ಲೇ ನಡೆದುಹೋಯಿತು. 1962ರಲ್ಲಿ ಬಂದ ‘3/4 ಎಡಿ’ ಎಂಬ ಪುಟ್ಟ ರೆಕಾರ್ಡಿನಲ್ಲಿದ್ದ ‘ಆಂಜಿ’ ಎಂಬ ಕೃತಿ ಅವರಿಗೆ ಹೆಸರು ತಂದಿತು. ಅದರ ಬಗ್ಗೆ ಮುಂದೆ ಹೇಳಬೇಕಾದ್ದಿದೆ.

ಗ್ರಹಾಂ ಎದುರಿಸಿದ ತೊಡಕು ಏನೆಂದು ತಿಳಿಯದೆ ಅವರು ಕಂಡ ಪರಿಹಾರದ ಬೆಲೆ ಗೊತ್ತಾಗುವುದಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಹಳೆಯ ಹಾಡುಗಳನ್ನು ಹಳ್ಳಿಯ ಗಾಯಕರು ಬಹುಮಟ್ಟಿಗೆ ಪಕ್ಕವಾದ್ಯವಿಲ್ಲದೆ ಒಂಟಿ ದನಿಯಲ್ಲಿ ಹಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವುಗಳನ್ನು ಸಂಗ್ರಹಿಸಿದ ಸೆಸಿಲ್ ಶಾರ್ಪ್, 1907ರ ತಮ್ಮ ಪುಸ್ತಕದಲ್ಲಿ ಒಂದು ಅಂದಾಜು ಕೊಟ್ಟಿದ್ದಾರೆ. ಇಂಗ್ಲಿಷ್ ಹಾಡುಗಳಲ್ಲಿ ಮೂರನೇ ಎರಡು ಪಾಲು ಮೇಜರ್ ಸ್ವರಶ್ರೇಣಿಯವು, ಅಂದರೆ ನಮ್ಮ ಶಂಕರಾಭರಣದ ಸ್ವರಗಳಲ್ಲಿರುವವು. ಉಳಿದ ಒಂದು ಪಾಲು ಮಿಕ್ಸೊಲಿಡಿಯನ್, ಡೋರಿಯನ್, ಇಯೋಲಿಯನ್ ಎಂಬ ಹಳೆಯ ಮೋಡ್‌ಗಳಲ್ಲಿವೆ. ಸ್ವರಗಳ ಲೆಕ್ಕದಲ್ಲಿ ಇವು ಕ್ರಮವಾಗಿ ಹರಿಕಾಂಭೋಜಿ, ಖರಹರಪ್ರಿಯ ಮತ್ತು ನಠಭೈರವಿ. ಆದರೆ ಈ ಹಾಡುಗಳು ಅಚ್ಚಾಗಿ ಪಟ್ಟಣದ ಮನೆಗಳನ್ನು ತಲುಪಿದ್ದು ಪಿಯಾನೊ ಪಕ್ಕವಾದ್ಯದೊಂದಿಗೆ. ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುವ ಕಾರ್ಡ್‌ಗಳ ಪದ್ಧತಿ ಬೆಳೆದದ್ದು ಮೇಜರ್, ಮೈನರ್ ಎಂಬ ಎರಡು ಶ್ರೇಣಿಗಳ ಸುತ್ತ. ಕಾರ್ಡಿನ ಬಣ್ಣ ನಿರ್ಧಾರವಾಗುವುದು ಗಾಂಧಾರದಿಂದ. ಅಂತರ ಗಾಂಧಾರವಿದ್ದರೆ ಮೇಜರ್, ಸಾಧಾರಣ ಗಾಂಧಾರವಿದ್ದರೆ ಮೈನರ್. ಗಾಯಕಿ ಇನ್ನೂ ಗಾಂಧಾರಕ್ಕೆ ಬಂದೇ ಇರುವುದಿಲ್ಲ. ಅಷ್ಟರಲ್ಲಿ ಪಕ್ಕವಾದ್ಯ ಅದನ್ನು ತೀರ್ಮಾನಿಸಿ ಬಿಟ್ಟಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಶಾರ್ಪ್ ಮಾತಿನಂತೆ ಮೂರನೇ ಎರಡು ಪಾಲು ಹಾಡುಗಳು ಮೇಜರ್ ಶ್ರೇಣಿಯಲ್ಲಿದ್ದರೆ ಸಾಮಾನ್ಯ ಕಾರ್ಡ್‌ಗಳೇ ಸಾಕಲ್ಲವೆ, ಮೂರನೇ ಒಂದು ಪಾಲಿನ ಸಲುವಾಗಿ ಇಷ್ಟೆಲ್ಲ ಚಿಂತೆ ಏಕೆ ಎಂದು. ಸಂಖ್ಯೆಯನ್ನು ನೋಡಿದರೆ ಮಾತು ಸರಿ. ಆದರೆ ಶಾರ್ಪ್ ಕಿವಿಯಲ್ಲಿ ಕೇಳಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದವರು. ಅದೇ ಕಾಲದಲ್ಲಿ ಪರ್ಸಿ ಗ್ರೇಂಜರ್ ಲಿಂಕನ್‌ಶೈರ್‌ಗೆ ಫೋನೋಗ್ರಾಫ್ ಒಯ್ದು, ಜೋಸೆಫ್ ಟೇಲರ್‌ರಂಥ ಹಳ್ಳಿಯ ಗಾಯಕರನ್ನು ಮೇಣದ ಸಿಲಿಂಡರ್‌ಗಳ ಮೇಲೆ ಮುದ್ರಿಸಿಕೊಂಡು, ಮತ್ತೆ ಮತ್ತೆ ನಿಧಾನವಾಗಿ ಕೇಳಿದರು. 1908ರಲ್ಲಿ ಅವರು ಪ್ರಕಟಿಸಿದ ಲೇಖನದ ಮುಖ್ಯ ಅವಲೋಕನ ಏನೆಂದರೆ, ಈ ಗಾಯಕರ ಗಾಂಧಾರ, ನಿಷಾದಗಳು ಒಂದು ಕಡೆ ನಿಲ್ಲುವುದಿಲ್ಲ. ಒಂದೇ ಹಾಡಿನ ಒಂದು ಪಲುಕಿನಲ್ಲಿ ಮೇಲೇರಿದ್ದು ಇನ್ನೊಂದರಲ್ಲಿ ಇಳಿದಿರುತ್ತದೆ. ಅದನ್ನು ತಪ್ಪೆಂದು ತಿದ್ದದೆ ಗಾಯಕರ ಪದ್ಧತಿ ಎಂದೇ ಗ್ರೇಂಜರ್ ಒಪ್ಪಿಕೊಂಡರು. ಇದನ್ನು ನಾವೂ ಒಪ್ಪಿದರೆ, ಮೇಜರ್ ಎಂದು ಪಟ್ಟಿಯಾದ ಹಾಡಿನಲ್ಲೂ ಗಾಂಧಾರವನ್ನು ಗಾಯಕನಿಗೇ ಬಿಟ್ಟುಕೊಡಬಲ್ಲ ಪಕ್ಕವಾದ್ಯ ಬೇಕಾಗುತ್ತದೆ.

ಗಿಟಾರಿನ ಆರು ತಂತಿಗಳನ್ನು ಮಂದ್ರದಿಂದ ಸಾಮಾನ್ಯವಾಗಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುತ್ತಾರೆ. ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಅದು ರಿ, ಪ, ಸ, ಮ, ದ, ರಿ. ಗ್ರಹಾಂ ಇವುಗಳಲ್ಲಿ ಮೂರು ತಂತಿಗಳನ್ನು ಮಾತ್ರ ಒಂದೊಂದು ಪೂರ್ಣ ಸ್ವರದಷ್ಟು ಸಡಿಲಿಸಿದರು. ಎರಡು ಕೊನೆಗಳ ರಿಷಭಗಳು ಷಡ್ಜಗಳಾದವು, ಧೈವತ ಪಂಚಮವಾಯಿತು. ಈಗ ಸಿಕ್ಕಿದ್ದು ಡಿ, ಎ, ಡಿ, ಜಿ, ಎ, ಡಿ. ಅಕ್ಷರಗಳನ್ನು ಕೂಡಿಸಿ ಗಿಟಾರ್ ವಾದಕರು ಇದನ್ನು ‘ಡ್ಯಾಡ್‌ಗ್ಯಾಡ್’ ಎಂದು ಕರೆಯುತ್ತಾರೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಸ, ಪ, ಸ, ಮ, ಪ, ಸ. ಮೂರು ಷಡ್ಜ, ಎರಡು ಪಂಚಮ, ಒಂದು ಶುದ್ಧ ಮಧ್ಯಮ. ಗಾಂಧಾರ ಎಲ್ಲೂ ಇಲ್ಲ. ಬಿಟ್ಟ ತಂತಿಗಳನ್ನು ಮೀಟಿದರೆ ಆಧಾರ ಶ್ರುತಿ ಮೊಳಗುತ್ತದೆ. ಮಂದ್ರದಿಂದ ಮೂರನೆಯದಾದ ಡಿ ತಂತಿಯ ಮೂರನೇ ಮೆಟ್ಟಿಲನ್ನು (ಫ್ರೆಟ್) ಒತ್ತಿದರೆ ಸಾಧಾರಣ ಗಾಂಧಾರ, ನಾಲ್ಕನೇ ಮೆಟ್ಟಿಲಿನಲ್ಲಿ ಅಂತರ ಗಾಂಧಾರ. ಯಾವುದು ಬೇಕೋ ಅದು ಬೇಕಾದ ಕ್ಷಣದಲ್ಲಿ ಬೆರಳಿನಿಂದ ಬರುತ್ತದೆ, ಬೇಡವಾದಾಗ ಬಾರದೆ ಉಳಿಯುತ್ತದೆ. ಹಾಗೆಂದು ಇದು ತಂಬೂರಿಯಲ್ಲ. ತಂಬೂರಿಯಲ್ಲಿ ಪಂಚಮವನ್ನೋ ಮಧ್ಯಮವನ್ನೋ ಒಂದನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿ ಎರಡೂ ಅಕ್ಕಪಕ್ಕದ ತಂತಿಗಳಲ್ಲಿ ಒಟ್ಟಿಗೆ ನಾದ ಹಿಡಿಯುವುದರಿಂದ ಒಂದು ಬಗೆಯ ಚಡಪಡಿಕೆ ಉಂಟಾಗುತ್ತದೆ. ಈ ಶ್ರುತಿಗೆ ಕೇಳುಗರು ಮಾರುಹೋದದ್ದರಲ್ಲಿ ಆ ಚಡಪಡಿಕೆಯ ಪಾಲೂ ದೊಡ್ಡದೇ ಎಂದು ನನ್ನ ಅನಿಸಿಕೆ.

ಈ ಶ್ರುತಿ ಹುಟ್ಟಿದ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಮೊರಾಕೊದ್ದು. ಊದ್ ಎಂಬ ತಂತಿವಾದ್ಯ ನುಡಿಸುವ ಅಲ್ಲಿನ ವಾದಕರ ಜೊತೆ ಕೂತು ನುಡಿಸಲು ಗ್ರಹಾಂ ದಾರಿ ಹುಡುಕುತ್ತಿದ್ದರಂತೆ. ಊದ್‌ಗೆ ಮೆಟ್ಟಿಲುಗಳಿಲ್ಲ; ಅರಬ್ ಸಂಗೀತದ ಸ್ವರಶ್ರೇಣಿಗಳಾದ ಮಖಾಮ್‌ಗಳ ಕೆಲವು ಗಾಂಧಾರಗಳು ಮೇಜರ್‌ಗೂ ಮೈನರ್‌ಗೂ ನಡುವೆ ಎಲ್ಲೋ ಇರುತ್ತವೆ. ಮೆಟ್ಟಿಲುಗಳಿರುವ ಗಿಟಾರ್ ಆ ಗಾಂಧಾರವನ್ನು ನುಡಿಸಲಾರದು. ಆದರೆ ಅದಕ್ಕೆ ಅಡ್ಡ ಬರದೆ ಇರಬಲ್ಲದು. ಕಥೆ ಅಕ್ಷರಶಃ ನಿಜವಿರಲಿ ಬಿಡಲಿ, ಈ ಶ್ರುತಿಯ ತರ್ಕಕ್ಕಂತೂ ಅದು ಹೊಂದುತ್ತದೆ. ಗ್ರಹಾಂ ಮುಂದೆ ಮಾಡಿದ್ದು ಇನ್ನೂ ಮುಖ್ಯ. ಅದನ್ನು ಅರಬ್ ಶೈಲಿಯ ತುಣುಕುಗಳಿಗಷ್ಟೇ ಮೀಸಲಿಡದೆ ಐರಿಷ್ ಹಾಡಿಗೆ ತಂದರು. ‘ಶಿ ಮೂವ್ಡ್ ಥ್ರೂ ದಿ ಫೇರ್’ ಡೊನೆಗಾಲ್ ಪ್ರಾಂತ್ಯದಲ್ಲಿ ಸಿಕ್ಕ ಮಟ್ಟಿಗೆ ಕವಿ ಪಾಡ್ರಿಕ್ ಕೋಲಂ ಹೊಸೆದ ಹಾಡು, 1909ರಲ್ಲಿ ಅಚ್ಚಾದದ್ದು. ಅದರ ಮಟ್ಟು ಮಿಕ್ಸೊಲಿಡಿಯನ್, ನಮ್ಮ ಹರಿಕಾಂಭೋಜಿಯ ಸ್ವರಗಳು. 1963ರಲ್ಲಿ ಡೆಕ್ಕಾ ಕಂಪನಿ ಹೊರತಂದ ಅವರ ವಾದನದಲ್ಲಿ ಮಟ್ಟು ಮೊದಲು ಬಿಡಿಬಿಡಿಯಾಗಿ, ಆತುರವಿಲ್ಲದೆ ತೆರೆದುಕೊಂಡು, ಆಮೇಲೆ ಲಯ ಹಿಡಿದು ಬಿರುಸಾಗುತ್ತದೆ. ಸರೋದ್, ಸಿತಾರ್ ಕೇಳಿದ ಕಿವಿಯ ಗುರುತು ಅಲ್ಲಿದೆ. ಬೀಟಲ್ಸ್ ತಂಡದ ಹಾಡೊಂದರಲ್ಲಿ ಸಿತಾರ್ ಕೇಳಿಸಿದ್ದು 1965ರ ಕೊನೆಗೆ. ಗ್ರಹಾಂ ಅದಕ್ಕಿಂತ ಎರಡು ವರ್ಷ ಮುಂದಿದ್ದರು.

ಈ ಶ್ರುತಿ ನಿಜಕ್ಕೂ ಗ್ರಹಾಂ ಕಂಡುಹಿಡಿದದ್ದೇ ಎಂದು ಕೇಳುವವರಿದ್ದಾರೆ. ತಂತಿಗಳ ಶ್ರುತಿ ಬದಲಿಸುವುದು ಹೊಸತೇನಲ್ಲ. ಅಮೆರಿಕದ ಬ್ಲೂಸ್ ವಾದಕರು ದಶಕಗಳಿಂದ ತಂತಿ ಸಡಿಲಿಸಿ ನುಡಿಸುತ್ತಿದ್ದರು. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್‌ನಲ್ಲಿ ಶ್ರುತಿ ಶತಮಾನಗಳಿಂದ ಮೊಳಗುತ್ತಿದೆ. ಲಂಡನ್ನಿನಲ್ಲೇ ಸ್ಟೀವ್ ಬೆನ್‌ಬೋ, ಸೈನ್ಯದಲ್ಲಿದ್ದಾಗ ದೇಶ ಸುತ್ತಿ ಬಂದವರು, ಉತ್ತರ ಆಫ್ರಿಕಾದ ಛಾಯೆಯಿರುವ ಗಿಟಾರ್ ವಾದನವನ್ನು ಗ್ರಹಾಂಗಿಂತ ಮೊದಲೇ ಕೇಳಿಸಿದ್ದರು. ಅವರಿಂದ ಗ್ರಹಾಂ ಕಲಿತದ್ದೂ ಹೌದು. ಇದನ್ನೆಲ್ಲ ಒಪ್ಪಿಯೂ ಒಂದು ವ್ಯತ್ಯಾಸವನ್ನು ಬಿಟ್ಟುಕೊಡಲಾಗದು. ಬ್ಲೂಸ್ ವಾದಕರ ‘ಓಪನ್ ಡಿ’ ಶ್ರುತಿ ಸ, ಪ, ಸ, ಗ, ಪ, ಸ. ಡ್ಯಾಡ್‌ಗ್ಯಾಡ್‌ಗೂ ಅದಕ್ಕೂ ಇರುವ ಅಂತರ ಒಂದೇ ತಂತಿಯಲ್ಲಿ ಅರ್ಧ ಸ್ವರ: ಗಾಂಧಾರದ ಜಾಗದಲ್ಲಿ ಮಧ್ಯಮ. ಓಪನ್ ಡಿಯಲ್ಲಿ ಬಿಟ್ಟ ತಂತಿಗಳೆಲ್ಲ ಸೇರಿ ಮೇಜರ್ ಕಾರ್ಡ್ ಎಂದು ಘೋಷಿಸಿಬಿಡುತ್ತವೆ. ಆ ಅರ್ಧ ಸ್ವರವನ್ನು ಏರಿಸಿದ ಕೂಡಲೇ ವಾದ್ಯ ಮೇಜರ್, ಮೈನರ್‌ಗಳ ಜಗಳದಿಂದ ಹೊರಬರುತ್ತದೆ. ತಂತಿ ಬಿಗಿಯುವುದು ಯಾರ ಕೈಗೂ ಸಾಧ್ಯ. ಏನನ್ನು ತೆಗೆಯಬೇಕೆಂದು ಅರಿತು ತೆಗೆದದ್ದು, ತೆಗೆದ ಮೇಲೆ ಅದರಿಂದ ಒಂದು ಸಂಗೀತವನ್ನು ಕಟ್ಟಿದ್ದು ಗ್ರಹಾಂ.

‘ಆಂಜಿ’ಯ ಮಾತು ಬಂದೇ ಬರುತ್ತದೆ. ಗ್ರಹಾಂ ಹೆಸರಿನ ಜೊತೆ ಮೊದಲು ನೆನಪಾಗುವ ಆ ಕೃತಿ ಸಾಮಾನ್ಯ ಶ್ರುತಿಯಲ್ಲಿದೆ. ಎ ಇಂದ ಇ ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮಂದ್ರವನ್ನು ಹೆಬ್ಬೆರಳು ಬಿಡದೆ ನಡೆಸುತ್ತದೆ. ಮೇಲೆ ಎತ್ತುಗಡೆ ತಪ್ಪಿಸಿ ಬೀಳುವ ಮಟ್ಟು. ಎಡಿನ್‌ಬರೋದಲ್ಲಿ ಜಾನ್ಶ್ ಇದರ ಬೆನ್ನು ಹತ್ತಿದ್ದು, ಅಲ್ಲಿ ಗಿಟಾರ್ ಹೇಳಿಕೊಡುತ್ತಿದ್ದ ಗ್ರಹಾಂ ಅವರ ಮಲಸಹೋದರಿ ಜಿಲ್ ಡಾಯ್ಲ್ ಅವರ ಮೂಲಕ. 1965ರಲ್ಲಿ ಜಾನ್ಶ್ ತಮ್ಮ ಮೊದಲ ಎಲ್‌ಪಿಯಲ್ಲಿ ಅದನ್ನು ನುಡಿಸಿದರು, 1966ರ ‘ಸೌಂಡ್ಸ್ ಆಫ್ ಸೈಲೆನ್ಸ್’ ಎಲ್‌ಪಿಯಲ್ಲಿ ಪಾಲ್ ಸೈಮನ್. ಇಡೀ ಒಂದು ತಲೆಮಾರಿಗೆ ಅದು ಗಿಟಾರ್ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಪರೀಕ್ಷೆಯೇ ಆಗಿಹೋಯಿತು. ಗ್ರಹಾಂ ಅವರ ನಿಜವಾದ ಕೊಡುಗೆ ಶ್ರುತಿಯಲ್ಲಿದೆ ಎನ್ನುವ ನನ್ನ ವಾದಕ್ಕೆ ಇದು ಎದುರಾಗಿ ನಿಂತಂತೆ ತೋರಬಹುದು. ಆದರೆ ‘ಆಂಜಿ’ ಕಲಿಸಿದ್ದು ಬೆರಳಿನ ಸ್ವಾತಂತ್ರ್ಯವನ್ನು, ಅಂದರೆ ಒಂದು ಕೈ ಎರಡು ದನಿಗಳನ್ನು ಬೇರೆ ಬೇರೆ ನಡೆಸುವುದನ್ನು. ಆ ಕೌಶಲವಿಲ್ಲದೆ ಡ್ಯಾಡ್‌ಗ್ಯಾಡ್‌ನಲ್ಲಿ ಕೂತರೆ ಬರೀ ಶ್ರುತಿ ಮಾತ್ರ ಕೇಳಿಸುತ್ತದೆ. ಕಲಿತವರಿಗೆ ‘ಆಂಜಿ’ ಒಂದು ಕೃತಿಯಾಗಿ ಮುಗಿಯಿತು, ಆ ಶ್ರುತಿ ಅವರಿಂದ ಹೊಸ ಕೃತಿಗಳನ್ನು ಹುಟ್ಟಿಸುತ್ತ ಹೋಯಿತು.

ಕರ್ನಾಟಕದ ಓದುಗರು ಎತ್ತಬಹುದಾದ ಪ್ರಶ್ನೆ ಬೇರೆಯದು. 1968ರ ‘ಲಾರ್ಜ್ ಆ್ಯಸ್ ಲೈಫ್ ಆ್ಯಂಡ್ ಟ್ವೈಸ್ ಆ್ಯಸ್ ನ್ಯಾಚುರಲ್’ ಎಲ್‌ಪಿಯಲ್ಲಿ ‘ಬ್ಲೂ ರಾಗ’, ‘ಸನ್‌ಶೈನ್ ರಾಗ’ ಎಂಬ ಎರಡು ತುಣುಕುಗಳಿವೆ. ಅವು ರಾಗಗಳೇ? ಅಲ್ಲ. ಗಮಕವಿಲ್ಲ, ಸಮವಿಭಾಗದ ಮೆಟ್ಟಿಲುಗಳ ಮೇಲೆ ಅದು ಬರುವಂತೆಯೂ ಇಲ್ಲ. ಆರೋಹಣ ಅವರೋಹಣಗಳ ಶಿಸ್ತಾಗಲಿ, ತಾಳದ ಆವರ್ತನೆಯ ಲೆಕ್ಕವಾಗಲಿ ಇಲ್ಲ. ಗುರುಮುಖೇನ ಹತ್ತಾರು ವರ್ಷ ಕಲಿತವರಿಗೆ ಆ ಹೆಸರು ಅತಿಯೆನಿಸಿದರೆ ಅವರನ್ನು ತಪ್ಪು ಹಿಡಿಯಲಾಗದು. ಆ ಕಾಲದ ಪಾಶ್ಚಾತ್ಯರು ಪೂರ್ವದ ಸಂಗೀತವನ್ನು ಊದಿನಕಡ್ಡಿಯಂತೆ ಹಚ್ಚಿಟ್ಟು ಮರೆತದ್ದೂ ಉಂಟು. ಗ್ರಹಾಂ ಅವರನ್ನು ಆ ಸಾಲಿಗೆ ಸೇರಿಸಲು ನನಗೆ ಮನಸ್ಸೊಪ್ಪುವುದಿಲ್ಲ. ಅವರು ತೆಗೆದುಕೊಂಡದ್ದು ರಾಗದ ಬಾಹ್ಯ ವೇಷವನ್ನಲ್ಲ, ಅದರ ಒಂದು ನಿಯಮವನ್ನು: ಆಧಾರ ಷಡ್ಜ ಕದಲದೆ ನಿಲ್ಲಲಿ, ಉಳಿದ ಸ್ವರಗಳು ಅದರೊಂದಿಗಿನ ಸಂಬಂಧದಿಂದಲೇ ಅರ್ಥ ಪಡೆಯಲಿ ಎಂಬುದನ್ನು. ಆ ನಿಯಮದ ಮೂಲಕ ತಮ್ಮದೇ ದ್ವೀಪಗಳ ಹಾಡುಗಳನ್ನು ಮತ್ತೆ ಕೇಳಿಸಿಕೊಂಡರು. ಆಸಕ್ತಿ ಒಂದು ಋತುವಿಗೆ ಮುಗಿದದ್ದೂ ಅಲ್ಲ. ಆಸ್ಟ್ರೇಲಿಯಾಕ್ಕೆ ಕಛೇರಿ ಕೊಡಲು ಹೊರಟವರು ದಾರಿಯಲ್ಲಿ ಬೊಂಬಾಯಿಯಲ್ಲೇ ಇಳಿದು ತಿಂಗಳುಗಟ್ಟಲೆ ಭಾರತದಲ್ಲಿ ಅಲೆದರೆಂದು ಹೇಳುತ್ತಾರೆ. ಊದ್, ಸರೋದ್‌ಗಳನ್ನು ಕೈಗೆತ್ತಿಕೊಂಡು ಅಭ್ಯಾಸ ಮಾಡಿದರು. ಇದರ ಫಲ ಕಾಣುವುದು ‘ರಾಗ’ ಎಂಬ ಹೆಸರಿರುವ ತುಣುಕುಗಳಿಗಿಂತ ಹೆಚ್ಚಾಗಿ ಆ ಹೆಸರಿಲ್ಲದವುಗಳಲ್ಲಿ.

ಅಂಥದ್ದರಲ್ಲಿ ಶ್ರೇಷ್ಠವಾದದ್ದು 1964ರಲ್ಲಿ ಸಸೆಕ್ಸ್‌ನ ಗಾಯಕಿ ಶರ್ಲಿ ಕಾಲಿನ್ಸ್ ಜೊತೆ ಮಾಡಿದ ‘ಫೋಕ್ ರೂಟ್ಸ್, ನ್ಯೂ ರೂಟ್ಸ್’. ಗ್ರಹಾಂ ಅವರ ಒಂದೇ ರೆಕಾರ್ಡನ್ನು ಕೇಳಲು ಪುರುಸೊತ್ತಿದ್ದರೆ ಇದನ್ನು ಕೇಳಬೇಕು. ಕಾಲಿನ್ಸ್ ಅವರದು ಅಲಂಕಾರವಿಲ್ಲದ ದನಿ. ಹಾಡನ್ನು ನಟಿಸಿ ತೋರಿಸುವುದಿಲ್ಲ, ನೇರವಾಗಿ ಹಾಡುತ್ತಾರೆ. ಪಕ್ಕದಲ್ಲಿ ಗ್ರಹಾಂ ‘ಪ್ರಿಟಿ ಸಾರೊ’, ‘ನಾಟಮನ್ ಟೌನ್’ ಹಾಡುಗಳಿಗೆ ಕಾರ್ಡ್‌ಗಳ ಬೇಲಿ ಹಾಕದೆ ಉತ್ತರ ಆಫ್ರಿಕಾದ ಛಾಯೆಯುಳ್ಳ ಒಂದು ನೆಲವನ್ನು ಹಾಸಿಕೊಡುತ್ತಾರೆ. ಇಬ್ಬರ ಸಂಗೀತದ ಹಿನ್ನೆಲೆ ಒಂದಕ್ಕೊಂದು ದೂರ. ಆದರೂ ಯಾರೂ ಯಾರ ಹಾದಿಗೂ ಬಗ್ಗಿಲ್ಲ. ಕಾಲಿನ್ಸ್ ಒಂದು ಸ್ವರವನ್ನೂ ಪೂರ್ವದ ಕಡೆ ಬಾಗಿಸುವುದಿಲ್ಲ. ಬಾಗಿಸಬೇಕಾದ ಅಗತ್ಯವನ್ನು ಗಿಟಾರ್ ತರುವುದೇ ಇಲ್ಲ. ಪಕ್ಕವಾದ್ಯ ಗಾಯನದ ಗಾಂಧಾರವನ್ನು ಮುಂಚಿತವಾಗಿ ನಿರ್ಧರಿಸಬಾರದು ಎಂಬುದು ಇಲ್ಲಿ ತತ್ತ್ವವಾಗಿ ಉಳಿಯದೆ ಕಿವಿಗೆ ನೇರವಾಗಿ ಕೇಳಿಸುತ್ತದೆ.

ಈ ರೆಕಾರ್ಡಿಗೆ ಮಡಿವಂತರ ಆಕ್ಷೇಪವಿತ್ತು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. 1960ರ ದಶಕದ ಆರಂಭದ ಲಂಡನ್ನಿನಲ್ಲಿ ಇವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಅವರ ಸಿಂಗರ್ಸ್ ಕ್ಲಬ್‌ನಲ್ಲಿ ಒಂದು ನಿಯಮವಿತ್ತು: ಹಾಡುವವರು ತಮ್ಮ ನೆಲದ, ತಮ್ಮ ನುಡಿಯ ಹಾಡನ್ನೇ ಹಾಡಬೇಕು. ಅಮೆರಿಕದ ಧಾಟಿಯ ಅನುಕರಣೆ ಎಲ್ಲ ಕಡೆ ಹಬ್ಬಿದ್ದ ಹೊತ್ತಿನಲ್ಲಿ ಆ ನಿಯಮಕ್ಕೆ ಕಾರಣವಿತ್ತು. ಎಷ್ಟೋ ಗಾಯಕರು ತಮ್ಮ ಊರಿನ ಹಾಡುಗಳತ್ತ ತಿರುಗಿದ್ದು ಅದರಿಂದಲೇ. ಆದರೆ ಹಿಂಕ್ಲಿಯಲ್ಲಿ ಹುಟ್ಟಿ, ಸ್ಕಾಟ್ ತಂದೆ ಮತ್ತು ಗಯಾನಾದ ತಾಯಿಯ ಮಗನಾಗಿ, ಕೆರಿಬಿಯನ್ ವಲಸಿಗರು ಬಂದು ನೆಲೆಸುತ್ತಿದ್ದ ನಾಟಿಂಗ್ ಹಿಲ್‌ನಲ್ಲಿ ಬೆಳೆದವನಿಗೆ ತನ್ನ ನೆಲ ಯಾವುದು? ಸ್ವಂತ ಪರಂಪರೆಯನ್ನು ಹುಟ್ಟಿದ ಊರಿನಿಂದ ಅಳೆಯುವ ನಿಯಮದ ಬಳಿ ಇದಕ್ಕೆ ಉತ್ತರವಿರಲಿಲ್ಲ. 1965ರ ‘ಫೋಕ್, ಬ್ಲೂಸ್ ಆ್ಯಂಡ್ ಬಿಯಾಂಡ್’ ಎಲ್‌ಪಿಯಲ್ಲಿ ಇಂಗ್ಲಿಷ್ ಲಾವಣಿ, ಬ್ಲೂಸ್, ಚಾರ್ಲ್ಸ್ ಮಿಂಗಸ್ ಅವರ ಜಾಝ್, ಟ್ಯಾಂಜಿಯರ್‌ನ ನೆನಪಿನ ‘ಮಾಜೂನ್’ ಒಟ್ಟಿಗಿರುವುದನ್ನು ಕೆಲವರು ಕಲಬೆರಕೆ ಎಂದಾರು. ಗ್ರಹಾಂ ಅವರ ಬಾಳಿನ ಮಟ್ಟಿಗೆ ಅದೇ ಪ್ರಾಮಾಣಿಕ ಸಂಗ್ರಹ.

ಗ್ರಹಾಂ ಅವರಿಂದ ಪಡೆದವರೆಲ್ಲ ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಎಂಬುದೂ ದಾಖಲಾಗಬೇಕು. ಜಿಮ್ಮಿ ಪೇಜ್ 1967ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದಾಗ ನುಡಿಸಿದ ‘ವೈಟ್ ಸಮರ್’, ‘ಶಿ ಮೂವ್ಡ್ ಥ್ರೂ ದಿ ಫೇರ್’ಗೆ ಗ್ರಹಾಂ ಕೊಟ್ಟ ರೂಪಕ್ಕೆ ಎಷ್ಟು ಹತ್ತಿರವೆಂದು ಎರಡನ್ನೂ ಒಟ್ಟಿಗೆ ಕೇಳಿದ ಯಾರಿಗೂ ಗೊತ್ತಾಗುತ್ತದೆ. 1969ರ ‘ಬ್ಲ್ಯಾಕ್ ಮೌಂಟನ್ ಸೈಡ್’ ಜಾನ್ಶ್ ಅವರ ‘ಬ್ಲ್ಯಾಕ್‌ವಾಟರ್ ಸೈಡ್’ ಅನ್ನು ಡ್ಯಾಡ್‌ಗ್ಯಾಡ್‌ಗೆ ತಂದದ್ದು. ಅದರಲ್ಲಿ ತಬಲಾ ನುಡಿಸಿದವರು ವಿರಾಮ್ ಜಸಾನಿ. ಎರಡರ ಮೇಲೂ ರಚನಕಾರನಾಗಿ ಅಚ್ಚಾದದ್ದು ಪೇಜ್ ಹೆಸರು. 1975ರಲ್ಲಿ ಬಂದ ‘ಕಾಶ್ಮೀರ್’ ಪೂರ್ತಿ ಈ ಶ್ರುತಿಯ ಮೇಲೆ ನಿಂತ ಹಾಡು, ಅದನ್ನು ಕೇಳಿದವರು ಜಗತ್ತಿನಾದ್ಯಂತ ಇದ್ದಾರೆ. ಜನಪದದಲ್ಲಿ ಯಾವುದು ಯಾರ ಸ್ವತ್ತು ಎಂದು ವಾದಿಸುವುದು ಕಷ್ಟ, ಮಟ್ಟು ಎಲ್ಲರದ್ದೇ. ಆದರೆ ಮಟ್ಟನ್ನು ವಾದ್ಯಕ್ಕೆ ಅಳವಡಿಸಿದ ಬಗೆ ಒಬ್ಬ ವ್ಯಕ್ತಿಯ ಯೋಚನೆ, ಅದಕ್ಕೆ ಹೆಸರು ಸಲ್ಲಬೇಕಿತ್ತು.

ಗ್ರಹಾಂ ಅವರ ಎಲ್ಲ ರೆಕಾರ್ಡ್‌ಗಳೂ ಒಂದೇ ಎತ್ತರದಲ್ಲಿಲ್ಲ. ಹಾಡುವ ದನಿ ಸಾಧಾರಣ, ಕೆಲವು ಕಡೆ ಹಾಡಿಗೆ ಬೇಕಾದ ಭಾರ ಅದಕ್ಕಿಲ್ಲ. ಹೆರಾಯಿನ್ ಚಟ ಅವರ ವರ್ಷಗಳನ್ನು ತಿಂದಿತು. 1970ರ ನಂತರ ಬಂದ ರೆಕಾರ್ಡ್‌ಗಳು ವಿರಳ, ಕೊನೆಯದು 2007ರ ‘ಬ್ರೋಕನ್ ಬಿಸ್ಕಿಟ್ಸ್’. ಕೃತಿಗಳ ರಾಶಿಯಿಂದ ಅಳೆದರೆ ಜಾನ್ಶ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಜಾನ್ ರೆನ್‌ಬೋರ್ನ್ ಇಬ್ಬರೂ ಗ್ರಹಾಂಗಿಂತ ದೊಡ್ಡವರು, ಅದರಲ್ಲಿ ವಾದವಿಲ್ಲ. ನಾನು ಹೇಳುತ್ತಿರುವುದು ಅವರಿಬ್ಬರೂ ಓಡಾಡಿದ ಬಯಲನ್ನು ತೆರೆದವರ ಬಗ್ಗೆ. ಅದೇ ಬಯಲಿನಲ್ಲಿ, ಇಂಗ್ಲಿಷ್ ಹಾಡಿಗೆ ಒಪ್ಪುವ ಗಿಟಾರಿನ ಹುಡುಕಾಟದಲ್ಲಿ, ಜನಪದ ಗಾಯಕ ಮತ್ತು ಗಿಟಾರ್ ವಾದಕ ಮಾರ್ಟಿನ್ ಕಾರ್ತಿ ಸಿ, ಜಿ, ಸಿ, ಡಿ, ಜಿ, ಎ ಎಂಬ ತಮ್ಮದೇ ಶ್ರುತಿಯನ್ನು ಮಾಡಿಕೊಂಡರು. ಅಲ್ಲೂ ಸಿ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಗಾಂಧಾರವಿಲ್ಲ.

ಡ್ಯಾಡ್‌ಗ್ಯಾಡ್ ಶ್ರುತಿ ಆಳವಾಗಿ ಬೇರೂರಿದ್ದು ಲಂಡನ್ನಿನಲ್ಲಿ ಅಲ್ಲ, ಐರ್ಲೆಂಡಿನಲ್ಲಿ. 1970ರ ದಶಕದಲ್ಲಿ ಬಾಥಿ ಬ್ಯಾಂಡ್‌ನ ಮೀಹಾಲ್ ಓ ಡೊನೆಲ್ ಪಿಟೀಲು, ಕೊಳಲು, ಪೈಪ್‌ಗಳ ನಡುವೆ ಗಿಟಾರನ್ನು ಡ್ಯಾಡ್‌ಗ್ಯಾಡ್‌ನಲ್ಲಿ ಕೂರಿಸಿದರು. ಶತಮಾನಗಳಿಂದ ಕಾರ್ಡಿನ ಹಂಗಿಲ್ಲದೆ ಬೆಳೆದ ಆ ಮಟ್ಟುಗಳಿಗೆ, ತಮ್ಮ ಗಾಂಧಾರವನ್ನು ಕೇಳದೇ ಇರುವ ಒಂದು ಜೊತೆ ಸಿಕ್ಕಿತು. ಅಲ್ಜೀರಿಯಾದ ಒರಾನ್‌ನಲ್ಲಿ ಹುಟ್ಟಿದ ಫ್ರೆಂಚ್ ವಾದಕ ಪಿಯೆರ್ ಬೆನ್ಸುಸಾನ್ ಬೇರೆಲ್ಲ ಶ್ರುತಿಗಳನ್ನು ಬಿಟ್ಟು ಇದೊಂದರಲ್ಲೇ ತಮ್ಮ ಇಡೀ ಸಂಗೀತವನ್ನು ಕಟ್ಟಿದರು. ಇವತ್ತು ಐರಿಷ್ ಸಂಗೀತದ ಕೂಟಕ್ಕೆ ಗಿಟಾರ್ ಹಿಡಿದು ಬರುವ ಹುಡುಗ ಹುಡುಗಿಯರು ಈ ಶ್ರುತಿಯನ್ನು ಐರಿಷ್ ಪರಂಪರೆಯ ಭಾಗವೆಂದೇ ಕಲಿಯುತ್ತಾರೆ. ಟ್ಯಾಂಜಿಯರ್‌ನ ಊದ್ ಆಗಲಿ, ಗಯಾನಾ ತಾಯಿಯ ಲಂಡನ್ ಮಗನಾಗಲಿ ಆ ಪಾಠದಲ್ಲಿ ಕಾಣಿಸುವುದು ಅಪರೂಪ.